ಕೊನೆಯತನಕ ಯಾರೂ ಕೇಳದ ಹಾಡು

ಕಳ್ಳತನಕ್ಕೂ ಒಳ್ಳೆಯ ಗಳಿಗೆ ನೋಡುವ ಜನರನ್ನು ನಾನು ಹತ್ತಿರದಿಂದ ಕಂಡದ್ದು ಸೋದರಿ ನಗರ ಸಮಿತಿಯ ಕೆಲಸ ಹಿಡಿದಾಗ. ಅವರು ಕದ್ದದ್ದು ಒಂದು ದನಿ. ಆ ದನಿಯನ್ನು ಹಿಡಿದು ಅವರ ಕೈಗೆ ಕೊಟ್ಟವನು ನಾನೇ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲವನೂ ನಾನೇ.

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ ಇದೆ. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಕಟ್ಟುವುದೂ ನನ್ನದೇ ಕೆಲಸ. ಸಮುದ್ರದಾಚೆಯ ಒಂದು ಊರಿಗೂ ನಮ್ಮ ಬಳ್ಳಾರಿಗೂ ಬಹಳ ವರ್ಷಗಳಿಂದ ಸೋದರಿ ನಗರದ ನಂಟಿದೆ. ಕಂಟೋನ್ಮೆಂಟಿನಲ್ಲಿ ಅದರ ಗುರುತಿಗೆ ಒಂದು ಪುಟ್ಟ ಉದ್ಯಾನವಿದೆ, ಅದರೊಳಗೆ ಅಕ್ಷರ ಮಾಸಿದ ಒಂದು ಕಲ್ಲು. ಒಂದು ವರ್ಷ ಅವರು ಬರುತ್ತಾರೆ, ಇನ್ನೊಂದು ವರ್ಷ ನಾವು ಹೋಗುತ್ತೇವೆ. ನಾವು ಎಂದರೆ ನಾವಲ್ಲ. ಸಮಿತಿಯವರು, ಅವರ ಮನೆಯವರು, ಹೆಸರಿಗೆ ಜೊತೆಯಲ್ಲಿ ಒಂದು ನೃತ್ಯಶಾಲೆಯ ಮಕ್ಕಳು. ಅವರು ಬಂದಾಗ ನಾವು ಪೇಟ ಸುತ್ತುತ್ತೇವೆ, ಇವರು ಹೋದಾಗ ಅವರು ಹೂಗುಚ್ಛ ಕೊಡುತ್ತಾರೆ. ಇದಕ್ಕೆ ಸಾಂಸ್ಕೃತಿಕ ವಿನಿಮಯ ಎಂದು ಹೆಸರು.

ಆ ಸಲ ಆ ಊರಿನ ಸಂಸ್ಕೃತಿ ಅಧಿಕಾರಿ, ಒಬ್ಬ ಹೆಣ್ಣುಮಗಳು, ಬೇರೆಯದೇ ಕೇಳಿದಳು. ವೇದಿಕೆಯ ನೃತ್ಯ ನೋಡಿ ಸಾಕಾಗಿದೆ, ನಿಮ್ಮ ಕಡೆಯ ಹೆಂಗಸರು ಮದುವೆ ಮನೆಯಲ್ಲಿ ನಿಜವಾಗಿ ಹಾಡುವುದನ್ನು ರೆಕಾರ್ಡ್ ಮಾಡಿ ಕಳಿಸಿ, ಕೇಳಿ ಆರಿಸುತ್ತೇವೆ, ಆರಿಸಿದವರನ್ನೇ ಕರೆಸುತ್ತೇವೆ ಎಂದಳು. ಸಮಿತಿಗೆ ಇದು ಹಿಡಿಸಲಿಲ್ಲ. ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ನನ್ನನ್ನು ಕರೆದು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಹಾಡುವವರು ಇದ್ದರೆ ಹಿಡಿದು ತಾ ಎಂದರು. ಹಿಡಿದು ತರುವುದಕ್ಕೆ ಅವರೇನು ಕೋಳಿಯೇ ಎಂದುಕೊಂಡೇ ಹೊರಟೆ.

ಹಲವು ಹಳ್ಳಿ ಸುತ್ತಿದ ಮೇಲೆ ದೇಶನೂರಿನ ಒಂದು ಮದುವೆ ಮನೆಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಹಂದರದಲ್ಲಿ ಹೆಂಗಸರು ಕೂತು ಹಾಡುತ್ತಿದ್ದರು. ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಹಿಡಿಯುವವರೆಲ್ಲ ನನ್ನ ಕಣ್ಣ ಮುಂದಿದ್ದರು. ಎತ್ತುವವಳು ಮಾತ್ರ ಕಾಣಲಿಲ್ಲ. ಆ ದನಿ ಒಳಗಿನ ಕೋಣೆಯಿಂದ ಬರುತ್ತಿತ್ತು. ಸಿಹಿಯಾದ ದನಿಯೇನಲ್ಲ, ಸ್ವಲ್ಪ ಒರಟು. ಆದರೆ ಗೋಡೆ ದಾಟಿ ಬಂದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಉಸಿರು ಎಲ್ಲಿ ಎಳೆದುಕೊಳ್ಳುತ್ತಾಳೆ ಎಂಬುದೇ ತಿಳಿಯುತ್ತಿರಲಿಲ್ಲ. ನನ್ನಂಥವನಿಗೆ ಅಂಥ ದನಿ ಸಿಕ್ಕರೆ ಹಬ್ಬ.

ಅಲ್ಲಿದ್ದ ಒಬ್ಬ ಹೆಣ್ಣುಮಗಳನ್ನು ವಿಚಾರಿಸಿದೆ.

"ಅದು ನಮ್ಮ ದೊಡ್ಡವ್ವ ರೀ," ಎಂದಳು. "ಆಕಿಗೆ ಗಂಡ ಇಲ್ಲ. ಅದಕ್ಕ ಒಳಗ ಕುಂತು ಸೊಲ್ಲು ಹೇಳ್ತಾಳ. ಆಕಿ ಇಲ್ದಿದ್ರ ನಮ್ಗ ಹಾಡೇ ಏಳಲ್ಲ."

ಊರೆಲ್ಲ ದೊಡ್ಡವ್ವ ಎನ್ನುತ್ತಿದ್ದರಿಂದ ನಾನೂ ಹಾಗೇ ಕರೆದೆ. ಹಾಡು ಮುಗಿದ ಮೇಲೆ ಒಳಗಿನ ಕೋಣೆಗೆ ಹೋಗಿ ಬಂದ ಕೆಲಸ ಹೇಳಿದೆ. ನಮ್ಮ ಬಳ್ಳಾರಿಗೆ ದೂರದಲ್ಲೊಂದು ಸೋದರಿ ಊರಿದೆ, ಅವರು ನಿಮ್ಮ ಹಾಡು ಕೇಳಬೇಕಂತೆ, ಒಪ್ಪಿದರೆ ಅಲ್ಲಿಗೇ ಕರೆಸುತ್ತಾರಂತೆ ಎಂದೆ. ಆಕೆ ಮೊದಲು ಕೇಳಿದ್ದು ಒಂದೇ.

"ಆ ಊರು ನಮ್ಗ ಅಕ್ಕ ಆಗಬೇಕೋ, ತಂಗಿ ಆಗಬೇಕೋ?"

ಇಷ್ಟು ವರ್ಷ ಹೋಗಿ ಬಂದ ಸಮಿತಿಯವರಲ್ಲಿ ಒಬ್ಬರೂ ಇದನ್ನು ಕೇಳಿರಲಿಕ್ಕಿಲ್ಲ.

"ಅಕ್ಕ ಆದ್ರ ಕಾಲಿಗೆ ಬೀಳಬೇಕು. ತಂಗಿ ಆದ್ರ ಉಡಿ ತುಂಬಬೇಕು. ಗೊತ್ತಿಲ್ದ ಹೋಗೋದು ಹೆಂಗಪಾ?" ಎಂದು ತಾನೇ ನಕ್ಕಳು. ಆಮೇಲೆ ಕೇಳಿದಳು, "ಅಲ್ಲಿ ಹೆಣ್ಮಕ್ಳು ಮದ್ವ್ಯಾಗ ಏನ್ ಹಾಡ್ತಾರ? ನಂದು ಅವ್ರು ಕೇಳ್ಲಿ. ಅವ್ರದು ನಾನು ಕೇಳಿ ಬರ್ತೀನಿ. ಹಂಗಾದ್ರ ಬರ್ತೀನಿ ನೋಡು."

ವಿನಿಮಯ ಎಂಬ ಶಬ್ದದ ಅರ್ಥ ಆ ಸಮಿತಿಯ ಸುತ್ತಮುತ್ತ ಗೊತ್ತಿದ್ದದ್ದು ಇವಳೊಬ್ಬಳಿಗೇ ಎಂದು ನನಗೆ ಅನ್ನಿಸಿತು.

ರೆಕಾರ್ಡಿಂಗಿಗೆ ಜಾಗ ಹುಡುಕುವುದೇ ದೊಡ್ಡ ಪಾಡಾಯಿತು. ಮನೆಗಳಲ್ಲಿ ತಗಡಿನ ಸೂರು, ಗಾಳಿ ಬೀಸಿದರೆ ಬಡಬಡ. ಗುಡಿಯ ಕಲ್ಲಿನ ಮಂಟಪದಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಹೊರಗೆ ಕೂಡಿಸಿದರೆ ಟ್ರ್ಯಾಕ್ಟರು, ಪಂಪುಸೆಟ್ಟು. ಕೊನೆಗೆ ಒಂದು ಭತ್ತದ ಗೋದಾಮು ಸಿಕ್ಕಿತು. ಗೋಡೆಗುಂಟ ತುಂಬಿದ ಚೀಲಗಳ ಅಟ್ಟಿ. ನಡುವೆ ನಿಂತು ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಅಲ್ಲಲ್ಲೇ ಇಂಗಿಹೋಯಿತು. ನನ್ನ ಗಾಂಧಿನಗರದ ಕೋಣೆಗೆ ಸ್ಪಂಜು ಅಂಟಿಸಿಯೂ ಬರದ ಗುಣವನ್ನು ಭತ್ತದ ಚೀಲಗಳು ಪುಕ್ಕಟೆ ಕೊಟ್ಟವು. ದೊಡ್ಡವ್ವನ ಮುಂದೆ ಒಂದು ಮೈಕು, ಹಿಡಿಯುವ ಹೆಂಗಸರ ಮುಂದೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಾಕಿದೆ. ಹೆಂಗಸರು ಕೈ ಆಡಿಸಿದಾಗಲೆಲ್ಲ ಗಾಜಿನ ಬಳೆ ಸದ್ದು ಮೈಕಿಗೆ ಬೀಳುತ್ತಿತ್ತು. ಬಳೆ ತೆಗೆಯಿರಿ ಎನ್ನುವ ಹಾಗಿಲ್ಲ. ಎಲ್ಲರ ಕೈಗೂ ಕರವಸ್ತ್ರ ಸುತ್ತಿಸಿದೆ. ಬಾಗಿಲು ಮುಚ್ಚಿಸಿ, ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತೆ.

ಆರತಿ ಹಾಡಿನ ಹೊತ್ತಿಗೆ ಆದದ್ದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಕಡೆ ಆರತಿಯ ಕೊನೆಯ ನುಡಿಗೆ ಮುಂಚೆ ಹೆಂಗಸರು ಒಡಪು ಹೇಳುವುದುಂಟು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು ಪ್ರಾಸ ಕಟ್ಟಿ, ಅದರೊಳಗೆ ಅವನ ಹೆಸರಿಟ್ಟು ಹೇಳುವುದೇ ಒಡಪು. ಗಂಡ ಸತ್ತವಳು ಒಡಪು ಹೇಳುವುದಿಲ್ಲ. ಹಾಡು ಅಲ್ಲಿಗೆ ಬಂದಾಗ ದೊಡ್ಡವ್ವ ಅಭ್ಯಾಸದಂತೆ ನಿಲ್ಲಿಸಿ, ಉಳಿದವರು ಹೇಳಲಿ ಎಂದು ಕಾದಳು. ಯಾರೋ ಒಬ್ಬಾಕೆ, "ದೊಡ್ಡವ್ವ, ಬಾಗಿಲ ಹಾಕೈತಿ, ಯಾರ್ ನೋಡ್ತಾರ? ನೀನೇ ಹೇಳಬೇ ಇವತ್ತು," ಎಂದಳು. ನಾನು ಕೈ ಆಡಿಸಲಿಲ್ಲ, ಯಂತ್ರ ಓಡುತ್ತಲೇ ಇತ್ತು. ಆಮೇಲೆ ನನ್ನ ಕಿವಿಯೊಳಗೇ ಆಕೆ ಹೇಳಿದಳು.

"ಕಾಲುವಿ ನೀರು ಮಡಿಗೆ ಹರದೈತಿ, ಮಡಿಯಾಗಿನ ಸಸಿ ಚಿಗುರು ಒಡದೈತಿ, ಹುಲಗಪ್ಪನೋರ ಹೆಸರು ನನ್ನ ನಾಲಿಗಿ ಮ್ಯಾಲ ಉಳದೈತಿ."

ಹೇಳಿದವಳೇ ಉಸಿರು ಬಿಡದೆ ಕೊನೆಯ ನುಡಿಯ ಸೊಲ್ಲು ಎತ್ತಿದಳು. ಹೆಂಗಸರು ನಗುತ್ತ, ಒಬ್ಬಿಬ್ಬರು ಕಣ್ಣು ಒರೆಸಿಕೊಳ್ಳುತ್ತ ಹಿಡಿದರು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಅದು ಡಬ್ಬ್ಯಾಗ ಬಿತ್ತೇನಪಾ?" ಎಂದಳು. ಬಿತ್ತು, ಬೇಡವಾದರೆ ಅಳಿಸುತ್ತೇನೆ ಎಂದೆ. ಸ್ವಲ್ಪ ಯೋಚಿಸಿ, "ಅಳಿಸಬ್ಯಾಡ. ಇರ್ಲಿ. ಆದ್ರ ನನ್ನ ಕೇಳ್ದ ಯಾರಿಗೂ ಅದು ಕೇಳಸಬ್ಯಾಡ," ಎಂದಳು. ಒಪ್ಪಿಕೊಂಡೆ. ಆ ಊರಿಗೆ ಕಳಿಸಿದ ಮಾದರಿಯಲ್ಲಿ ಬರೀ ಮೊದಲಿನ ನುಡಿಗಳಿದ್ದವು.

ಆಯ್ಕೆಯ ಸುದ್ದಿ ಬಂತು. ಅವರಿಗೆ ಬೇಕಾದದ್ದು ಅದೇ ದನಿ. ದೊಡ್ಡವ್ವ ಸಿರುಗುಪ್ಪಕ್ಕೆ ಹೋಗಿ ಫೋಟೋ ತೆಗೆಸಿಕೊಂಡಳು, ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದಳು. ಅಲ್ಲಿ ಭಾರಿ ಥಂಡಿ ಎಂದು ಯಾರೋ ಹೇಳಿದ್ದಕ್ಕೆ ಉಣ್ಣೆಯ ಸ್ವೆಟರು ತಂದು, ದೇಶನೂರಿನ ಬಿಸಿಲಿನಲ್ಲಿ ಹಾಕಿಕೊಂಡು ನೋಡಿ ಬೆವೆತು ಕೂತಳಂತೆ. ಊರೆಲ್ಲ ಅದನ್ನು ಹೇಳಿಕೊಂಡು ನಕ್ಕಿತು.

ಅವಳ ಫೋಟೋ ಸಮಿತಿಯ ಮುಂದೆ ಬಂದ ದಿನ ನಾನೂ ಅಲ್ಲಿದ್ದೆ. ಸಮಿತಿಯ ಅಧ್ಯಕ್ಷರು ದೊಡ್ಡ ಭತ್ತದ ವ್ಯಾಪಾರಿ. ಮೇಜಿನ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅಧ್ಯಕ್ಷರು ಒಂದು ಕೈಯಲ್ಲಿ ಮಿರ್ಚಿ ಹಿಡಿದು ಇನ್ನೊಂದು ಕೈಯಲ್ಲಿ ಫೋಟೋ ಎತ್ತಿದರು.

"ಏನೋ ಇದು? ಹಣಿ ಮ್ಯಾಲ ಏನೂ ಇಲ್ಲಲ್ಲ?"

"ಗಂಡ ಇಲ್ರಿ ಸರ," ಎಂದೆ.

"ಮತ್ತ ಇಂಥಾಕಿನ್ನ ಆರಿಸಿ ತಂದೀಯಲ್ಲೋ! ಬೀಳ್ಕೊಡುಗಿ ದಿನ ದೊಡ್ಡ ದೊಡ್ಡೋರು ಬರ್ತಾರ. ಈ ಸಲ ಕರ್ಕೊಂಡು ಹೋಗಾಕ ಅವ್ರ ಊರಿನೋರೂ ಬರ್ತಾರ. ಆರತಿ ಹಾಡಾಕ ಈಕಿನ್ನ ಮುಂದ ಕುಂದ್ರಸಿದ್ರ ಹೆಂಗ?"

ಕಾರ್ಯದರ್ಶಿಗಳು ನಿವೃತ್ತ ಅಧಿಕಾರಿ. ಅವರು ಮಾತಾಡಿದರೆ ಸರ್ಕಾರಿ ಆದೇಶ ಓದಿದ ಹಾಗಿರುತ್ತದೆ. "ಫೋಟೋದಲ್ಲಿ ಒಂದು ಕುಂಕುಮ ಇಡಿಸಬಹುದು ಸರ್. ಕಂಪ್ಯೂಟರಿನಲ್ಲಿ ಕ್ಷಣದ ಕೆಲಸ," ಎಂದರು.

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ, ನಿಜವಾಗಿಯೇ ಹೇಳಿದ್ದರು. ಅಧ್ಯಕ್ಷರು ಅದನ್ನು ನಿಜವಾಗಿಯೇ ಯೋಚಿಸಿದರು ಕೂಡ.

"ಫೋಟೋದಾಗ ಇಡಬಹುದು ರೀ. ವೇದಿಕಿ ಮ್ಯಾಲ ಯಾರಿಡ್ತಾರ?"

ಸುತ್ತ ಕೂತವರು ನಕ್ಕರು. ಬಾಯಲ್ಲಿದ್ದ ಮಿರ್ಚಿ ನುಂಗಿ ನಕ್ಕರು. ಒಬ್ಬ ಹೆಂಗಸಿನ ಹಣೆಯ ಮೇಲೆ ಇಷ್ಟು ಜನ ಗಂಡಸರು ಕೈಯೊರೆಸಿಕೊಳ್ಳುತ್ತಿರುವುದನ್ನು ನೋಡಿ ನನಗೆ ಹೇಸಿಗೆಯಾಯಿತು. ಅಧ್ಯಕ್ಷರ ಬೆರಳಿನ ಎಣ್ಣೆ ಫೋಟೋಗೆ ಹತ್ತಿತ್ತು.

"ಸರ, ಅವ್ರು ಆರಿಸಿದ್ದು ಆಕಿ ದನಿ. ಆಕಿ ಇಲ್ದ ಹಾಡು ಹೆಂಗ ಆಗತೈತಿ?" ಎಂದೆ.

"ದನಿ ನಿನ್ ಹತ್ರ ಐತಲ್ಲ? ರೆಕಾರ್ಡ್ ಮಾಡೀದಿ ಅಂದ್ಮ್ಯಾಲ ಮುಗೀತು. ದನಿ ಸ್ಪೀಕರ್‌ದಾಗ ಬಿಡು. ನಮ್ಮನ್ಯಾಕಿ ಮುಂದ ಕುಂತು ಬಾಯಿ ಆಡಸ್ತಾಳ. ಹಿಂದ ಹಿಡಿಯೋರು ಅದೇ ಊರಿನೋರು ಇರ್ಲಿ, ಗಂಡ ಇದ್ದೋರು. ಅಲ್ಲಿಗೂ ಇವ್ರೇ ಹೋಗ್ಲಿ."

ನಾನು ಕುರ್ಚಿಯಿಂದ ಎದ್ದೆ. ಅದು ಮೋಸ ಎಂದೆ. ಅದಕ್ಕೆ ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ಹೇಳಿದ ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ. "ಮದುವೆ ಮನೆಯಲ್ಲೂ ಆಕೆ ಒಳಗೇ ಕೂತು ಹಾಡುತ್ತಾಳೆ ಎಂದು ನೀವೇ ವರದಿ ಮಾಡಿದ್ದೀರಿ. ನಾವು ಮಾಡುತ್ತಿರುವುದೂ ಅದನ್ನೇ. ಸಂಪ್ರದಾಯಕ್ಕೆ ಎಲ್ಲೂ ಚ್ಯುತಿ ಬಂದಿಲ್ಲ."

ಕೋಣೆಗೆ ಬಂದು ಆ ಊರಿನ ಸಂಸ್ಕೃತಿ ಅಧಿಕಾರಿಗೆ ನನಗೆ ಬರುವ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ನೀವು ಆರಿಸಿದ ಹೆಂಗಸಿನ ಬದಲು ಬೇರೆಯವರನ್ನು ಕೂಡಿಸುತ್ತಿದ್ದಾರೆ, ಕಾರಣ ಅವಳ ಗಂಡ ಸತ್ತಿರುವುದು ಎಂದು ಸ್ಪಷ್ಟವಾಗಿಯೇ ತಿಳಿಸಿದೆ. ಉತ್ತರ ಬೇಗ ಬಂತು. ಸ್ಥಳೀಯ ಸಮಿತಿಯ ನಿರ್ಧಾರವನ್ನು, ಸ್ಥಳೀಯ ನಂಬಿಕೆಗಳನ್ನು ತಾವು ಗೌರವಿಸುವುದಾಗಿಯೂ, ಇಷ್ಟು ಹಳೆಯ ಸ್ನೇಹದಲ್ಲಿ ತಲೆಹಾಕುವುದು ಸರಿಯಾಗದೆಂದೂ ಬರೆದಿದ್ದಳು. ಕೊನೆಯಲ್ಲಿ ಒಂದು ನಗುವ ಮುಖದ ಚಿತ್ರ. ಅಸಹ್ಯ ನಮ್ಮ ಕಡೆ ಮಾತ್ರ ಎಂದುಕೊಂಡಿದ್ದೆ. ಅಲ್ಲಿಯೂ ಅದು ಅಷ್ಟೇ ಇತ್ತು, ಸೋಪು ಹಚ್ಚಿ ತೊಳೆದಿದ್ದರು ಅಷ್ಟೇ. ಅಕ್ಕನೋ ತಂಗಿಯೋ, ರಕ್ತ ಒಂದೇ ಅಂತ ಗೊತ್ತಾಯಿತು.

ಕೆಲಸ ಬಿಡಬಹುದಿತ್ತು. ಬಿಟ್ಟರೆ ಆಗುವುದೇನು? ಊರಲ್ಲಿ ಸ್ಪೀಕರು ಕಟ್ಟುವವರಿಗೆ ಬರವಿಲ್ಲ. ಒಡಪಿಲ್ಲದ ಆ ಮಾದರಿಯ ಪ್ರತಿಯನ್ನು ಸಮಿತಿ ಆಗಲೇ ತರಿಸಿಕೊಂಡಿತ್ತು. ಇನ್ನೊಬ್ಬ ಯಾವನೋ ಬಂದು ಒಂದು ಗುಂಡಿ ಒತ್ತಿ ಹೋಗುತ್ತಿದ್ದ. ಬೈಯುತ್ತಲೇ ಕೆಲಸ ಮುಂದುವರಿಸಿದೆ.

ಬಾಯಿ ಆಡಿಸುವ ತಾಲೀಮು ಕುರುಗೋಡಿನಲ್ಲಿ ನಡೆಯಿತು. ಅಧ್ಯಕ್ಷರ ಹೆಂಡತಿಯ ತವರುಮನೆ ಅಲ್ಲಿದೆ, ದೊಡ್ಡ ಕಲ್ಲಿನ ಪಡಸಾಲೆಯ ಮನೆ. ನಾನು ಸಣ್ಣ ಸ್ಪೀಕರು ಒಯ್ದಿದ್ದೆ. ಆ ಅಮ್ಮ ಕೆಟ್ಟವರಲ್ಲ. ಸ್ಪೀಕರು ಜೋಡಿಸುವಾಗ ಮೆಲ್ಲಗೆ, "ನನಗ ಇದು ಬ್ಯಾಡಾಗಿತ್ತು ನೋಡಪಾ. ಅವ್ರು ಕೇಳಂಗಿಲ್ಲ," ಎಂದರು. ಆದರೆ ಕೂತ ಮೇಲೆ ಕಲಿತರು. ಚೆನ್ನಾಗಿಯೇ ಕಲಿತರು. ಎಲ್ಲಿ ಬಾಯಿ ಅಗಲಿಸಬೇಕು, ಎಲ್ಲಿ ತಲೆ ತೂಗಬೇಕು ಎಲ್ಲ ಕನ್ನಡಿಯಲ್ಲಿ ನೋಡಿಕೊಂಡರು. ದೊಡ್ಡವ್ವನ ದನಿ ಬೇರೆಯವರ ತುಟಿಯ ಮೇಲೆ ಕುಣಿಯುವುದನ್ನು ನೋಡುತ್ತ ಕೂರುವುದು ಎಂಥ ಕೆಲಸ ಎಂದು ಹೇಳಲಾರೆ. ಎರಡು ನುಡಿ ಮುಗಿಯುವಷ್ಟರಲ್ಲಿ ಅಧ್ಯಕ್ಷರು ಬಂದರು. ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಲಾರಿಯ ವಿಷಯ ಬೈಯುತ್ತಲೇ ಬಂದವರು, ಹೆಂಡತಿಯನ್ನು ನೋಡಿ ಕೈ ಎತ್ತಿ ಮೆಚ್ಚಿದರು.

"ಸಾಕು ಸಾಕು. ಭಾರಿ ಬಂದೈತಿ."

"ಸರ, ಅಮ್ಮಾರು ಒಂದ್ಸಲ ಕೊನೀತನಕ ಕೇಳಿದ್ರ ಚಲೋ," ಎಂದೆ.

"ಲೇ, ಹಿಂದಿಂದು ಹಾಡು, ಮುಂದಿಂದು ಹಾಡು, ಎಲ್ಲಾ ಒಂದೇ ಇರತೈತಿ. ಅಷ್ಟುದ್ದ ಯಾರ್ ಕೇಳ್ತಾರ? ನೀನು ಸ್ವಲ್ಪ ಕತ್ತರಿಸಿ ಗಿಡ್ಡ ಮಾಡ್ಕ್ಯಾ."

ನಡುವಿನ ಎರಡು ನುಡಿ ಸುಲಭವಾಗಿ ತೆಗೆಯಬಹುದಿತ್ತು, ಲಯ ಕೆಡುತ್ತಿರಲಿಲ್ಲ. ಒಡಪು ತೆಗೆಯುವುದಾದರೆ ಇನ್ನೂ ಸುಲಭ, ಅದು ಲಯಕ್ಕೆ ಸೇರದ ಬರೀ ಮಾತು. ಗಾಂಧಿನಗರದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಡುವಿನ ನುಡಿಗಳನ್ನು ತೆಗೆದೆ. ಒಡಪಿನ ಎರಡೂ ಕಡೆ ಗುರುತು ಹಾಕಿದೆ. ಇನ್ನೊಂದು ಗುಂಡಿ ಒತ್ತಿದ್ದರೆ ಹೋಗುತ್ತಿತ್ತು. ಒತ್ತಲಾಗಲಿಲ್ಲ. ಬಿಡುವುದಕ್ಕೂ ಆಗಲಿಲ್ಲ, ಯಾರಿಗೂ ಕೇಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅವಳನ್ನೇ ಕೇಳುವುದೆಂದು ಗಾಡಿ ಹತ್ತಿ ದೇಶನೂರಿಗೆ ಹೋದೆ.

ದೊಡ್ಡವ್ವ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವಳ ಮುಂದೆ ಕೂತು ನಡೆದದ್ದೆಲ್ಲ ಹೇಳಿದೆ. ಅವಳ ಜಾಗದಲ್ಲಿ ಅಧ್ಯಕ್ಷರ ಹೆಂಡತಿ ಕೂರುವುದು, ದನಿ ಡಬ್ಬಿಯಿಂದ ಬರುವುದು, ಆ ಊರಿಗೂ ಹೀಗೇ ಹೋಗುವುದು, ಕಾರ್ಯದರ್ಶಿಗಳು ಆಡಿದ ಸಂಪ್ರದಾಯದ ಮಾತು. ಕೇಳುತ್ತ ಅವಳ ಕೈ ನಿಂತಿತು.

"ಗೋಡಿ ಹಿಂದ ಕುಂತು ಹಾಡೀನಿ, ಖರೆ," ಎಂದಳು. "ಆದ್ರ ಹಂದರದಾಗ ಕುಂತ ಎಲ್ಲಾರಿಗೂ ಅದು ನನ್ ದನಿ ಅಂತ ಗೊತ್ತಿತ್ತು. ಹಾಡು ಮುಗದ ಮ್ಯಾಲ ಮದುಮಗಳು ಒಳಗ ಬಂದು ನನ್ ಕಾಲಿಗೆ ಬೀಳ್ತಿದ್ಲು. ಇದು ಹಂಗಲ್ಲಲ್ಲಪಾ."

ಮಡಿಲಲ್ಲಿದ್ದ ಸಿಪ್ಪೆಯನ್ನು ಒಂದು ಕಡೆ ಕೊಡವಿದಳು.

"ಹೋಗೋದು ಇಲ್ಲ ಅಂದಂಗಾತು," ಎಂದಳು. ಕೇಳಿದ ಹಾಗಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ. "ಅವ್ರ ಹಾಡು ಕೇಳೋದು ಉಳೀತು."

"ದೊಡ್ಡವ್ವ, ಅದರಾಗ ಒಡಪು ಐತಿ. ನಿಮ್ಮನ್ನ ಕೇಳ್ದ ಕೇಳಸಂಗಿಲ್ಲ ಅಂದಿದ್ದೆ. ಕತ್ತರಸಲೇನು?"

ಅವಳು ಮುಖ ಎತ್ತಿದಳು. "ಇನ್ನೂ ಐತೇನು ಅದು? ಹಾಕು, ಕೇಳೋಣ."

ಫೋನಿನಲ್ಲಿ ಹಾಕಿದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಮುಗಿದ ಮೇಲೆಯೂ ಹಾಗೇ ಹಿಡಿದಿದ್ದಳು. ವಾಪಸು ಕೊಡುವಾಗ ಅವಳ ದನಿ ಗಟ್ಟಿಯಾಗಿತ್ತು.

"ನನ್ ದನಿ ಒಯ್ತೀವಿ ಅಂದ್ರ ನಮ್ಮನ್ಯಾರ ಹೆಸರೂ ಒಯ್ಲಿ. ಎರಡೂ ಬ್ಯಾರೆ ಬ್ಯಾರೆ ಅಲ್ಲ. ಕತ್ತರಿ ಹಾಕಬ್ಯಾಡ."

"ಆ ಅಮ್ಮಾರಿಗೆ ಎಲ್ಲಾರ ಮುಂದ ಅವಮಾನ ಆಗತೈತಿ ದೊಡ್ಡವ್ವ."

"ಪೂರ್ತಿ ಕೇಳ್ಕೊಳ್ಳಾಕ ಹೇಳು ಆಕಿಗೆ. ಕೇಳಿ ಬ್ಯಾಡ ಅಂದ್ರ ಬಿಡ್ಲಿ, ನಂದೇನೂ ಇಲ್ಲ. ಒಬ್ರ ಹಾಡು ಕೇಳಲಾರದನ ಬಾಯಿ ಆಡಸ್ತಾರ ಅಂದ್ರ ಅದಕ್ಕ ನಾನೇನ್ ಮಾಡ್ಲಿ?"

ಅಲ್ಲಿಗೆ ನನ್ನ ಮನಸ್ಸೂ ಗಟ್ಟಿಯಾಯಿತು. ಮೋಸ ಮಾಡಬಾರದು, ಎಚ್ಚರಿಕೆ ಕೊಡಬೇಕು, ಆದರೆ ಅವರ ಬಾಯಿಗೆ ತುತ್ತು ಇಡುವ ಹಾಗೆ ಬಿಡಿಸಿ ಹೇಳಬಾರದು ಎಂದುಕೊಂಡೆ. ಮರುದಿನ ಕಾರ್ಯದರ್ಶಿಗಳಿಗೆ ಫೋನು ಮಾಡಿ, ಟ್ರ್ಯಾಕ್ ಸಿದ್ಧವಿದೆ, ಅಮ್ಮನವರು ಪೂರ್ತಿ ಕೇಳಲೇಬೇಕು, ಕೊನೆಯಲ್ಲಿ ಮಾತು ಬರುತ್ತದೆ ಎಂದೆ. "ಮಾತು ಬಂದರೆ ಬರಲಿ, ಎಲ್ಲರ ಸಮಯವನ್ನೂ ಹಾಳು ಮಾಡಬೇಡಿ," ಎಂದು ಇಟ್ಟರು. ಬೀಳ್ಕೊಡುಗೆ ಸಮಾರಂಭದ ದಿನ ಬೆಳಿಗ್ಗೆ ಬಳ್ಳಾರಿಯ ಸಭಾಂಗಣದಲ್ಲಿ ಸ್ಪೀಕರು ಕಟ್ಟಿ, ದನಿ ಪರೀಕ್ಷೆಗೆ ಅಮ್ಮನವರನ್ನು ಕರೆಸಿ ಎಂದೆ. ಬ್ಯೂಟಿ ಪಾರ್ಲರಿಗೆ ಹೋಗಿದ್ದಾರೆ ಎಂದರು. ಅಧ್ಯಕ್ಷರೇ ವೇದಿಕೆಯ ಮೇಲೆ ನಿಂತು ಮೊದಲ ಸೊಲ್ಲು ಕೇಳಿ, "ಏ, ಸಿನಿಮಾ ಹಾಡು ಕೇಳ್ದಂಗ ಐತಿ," ಎಂದು ಹೊರಟುಹೋದರು. ಇಷ್ಟು ಸಭೆ, ಇಷ್ಟು ತಾಲೀಮು, ಇಷ್ಟು ಭಾಷಣ. ಹಾಡನ್ನು ಕೊನೆಯತನಕ ಕೇಳಿದವರು ಒಬ್ಬರಿಲ್ಲ. ಇವರು ಸಂಸ್ಕೃತಿಯನ್ನು ಸಮುದ್ರದಾಚೆಗೆ ಸಾಗಿಸುವವರು!

ಇಲ್ಲೇ ಹೇಳಿಬಿಡುತ್ತೇನೆ, ಆ ವರ್ಷವೂ ಆ ಊರಿಗೆ ಹೋದದ್ದು ನೃತ್ಯಶಾಲೆಯ ಮಕ್ಕಳೇ. ದೊಡ್ಡವ್ವ ಹೋಗಲಿಲ್ಲ. ಸಮಿತಿಯ ಕೆಲಸ ನನಗೆ ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಪೇಟ ಸುತ್ತಿಸಿಕೊಂಡ ವಿದೇಶಿ ಅತಿಥಿಗಳು, ನಡುವೆ ಆ ಸಂಸ್ಕೃತಿ ಅಧಿಕಾರಿ, ಪಕ್ಕದಲ್ಲಿ ಅಧ್ಯಕ್ಷರು. ದೇಶನೂರಿನ ಹೆಂಗಸರ ಜೊತೆ ಟೆಂಪೋದಲ್ಲಿ ದೊಡ್ಡವ್ವನೂ ಬಂದಿದ್ದಳು. ನನ್ನ ಮಿಕ್ಸರು ಸಭಾಂಗಣದ ಕೊನೆಯಲ್ಲಿ, ಕುರ್ಚಿಗಳ ಹಿಂದೆ ಇತ್ತು. ಅವಳನ್ನು ನನ್ನ ಪಕ್ಕದಲ್ಲೇ ಒಂದು ಕುರ್ಚಿ ಹಾಕಿ ಕೂಡಿಸಿದೆ. ಅಕ್ಕ ತಂಗಿ ಊರುಗಳ ಅನುಬಂಧದ ಮೇಲೆ ಭಾಷಣಗಳು ಆದವು. ಒಬ್ಬೊಬ್ಬರೂ ಸ್ತ್ರೀ ಶಕ್ತಿ ಎಂದರು, ಮಾತೃ ಹೃದಯ ಎಂದರು. ಎಲ್ಲರ ಮೈಕಿನ ಗುಂಡಿ ನನ್ನ ಬೆರಳ ತುದಿಯಲ್ಲಿತ್ತು. ಎಳೆದು ಮುಚ್ಚಿಬಿಡಬೇಕು ಎನ್ನಿಸಿದರೂ ತಡೆದುಕೊಂಡೆ.

ಪರದೆ ಸರಿಯಿತು. ಅಧ್ಯಕ್ಷರ ಹೆಂಡತಿ ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ನಡುವೆ ಕೂತಿದ್ದರು. ಎದುರಿಗೆ ಅಲಂಕಾರಕ್ಕೆ ಒಂದು ಸತ್ತ ಮೈಕು. ಹಿಂದೆ ದೇಶನೂರಿನವರು, ಅವರ ಮೈಕುಗಳು ಜೀವಂತ. ನಾನು ಟ್ರ್ಯಾಕ್ ಬಿಟ್ಟೆ. ದೊಡ್ಡವ್ವನ ದನಿ ಸಭಾಂಗಣ ತುಂಬಿತು. ಹಿಡಿಯುವವರು ಹಿಡಿದರು. ಆ ಅಮ್ಮ ಒಂದು ಅಕ್ಷರ ತಪ್ಪದೆ ಬಾಯಿ ಆಡಿಸಿದರು, ತಲೆ ತೂಗಿದರು. ಅತಿಥಿಗಳು ಫೋನು ಎತ್ತಿ ವಿಡಿಯೋ ಮಾಡುತ್ತಿದ್ದರು. ನನ್ನ ಪಕ್ಕದಲ್ಲಿ ದೊಡ್ಡವ್ವ ತನ್ನದೇ ದನಿಯನ್ನು, ಬೇರೆ ಯಾರದೋ ಎನ್ನುವ ಹಾಗೆ ತಲೆ ಬಾಗಿಸಿ ಕೇಳುತ್ತಿದ್ದಳು.

ಆರತಿ ಕೊನೆಯ ನುಡಿಯ ಹತ್ತಿರ ಬಂತು. ಹಾಡು ನಿಂತಿತು. ಅಮ್ಮ ಮುಗಿಯಿತೆಂದುಕೊಂಡು ಕೈ ಜೋಡಿಸಿದರು. ಆಗ ದನಿ ಮಾತಾಡಿತು, ಕಾಲುವಿ ನೀರು ಮಡಿಗೆ ಹರದೈತಿ. ಅವರು ಬೆಚ್ಚಿ, ಅವಸರದಲ್ಲಿ ಬಾಯಿ ತೆರೆದು ಹಿಂಬಾಲಿಸಿದರು. ಮಡಿಯಾಗಿನ ಸಸಿ ಚಿಗುರು ಒಡದೈತಿ. ಒಡಪು ಎಂದು ಅವರಿಗೆ ತಿಳಿದದ್ದು ಅಲ್ಲಿ. ಮುಂದೆ ಬರುವುದೇನು ಎಂದು ನಮ್ಮ ಕಡೆಯ ಯಾವ ಹೆಂಗಸಿಗೂ ಗೊತ್ತು. ಹುಲಗಪ್ಪನೋರ ಎಂದು ಸ್ಪೀಕರು ಹೇಳುವ ಹೊತ್ತಿಗೆ ಅವರು ತುಟಿ ಕಚ್ಚಿ ಬಾಯಿ ಮುಚ್ಚಿಬಿಟ್ಟರು. ಇಷ್ಟು ಹೊತ್ತು ಬೇರೆಯವಳ ದನಿಯನ್ನು ತನ್ನದೆಂದು ತೋರಿಸಿದವರು, ಬೇರೆಯವಳ ಗಂಡನ ಹೆಸರನ್ನು ಮಾತ್ರ ತುಟಿಯ ಮೇಲೆ ತರಲಾರದೆ ಹೋದರು. ಅವರನ್ನು ಕಂಡು ಅಯ್ಯೋ ಎನ್ನಿಸಿತು. ಆದರೆ ಟ್ರ್ಯಾಕ್ ನಿಲ್ಲಿಸಲಿಲ್ಲ.

ಬಾಯಿ ಮುಚ್ಚಿದ್ದರೂ ದನಿ ನಡೆದೇ ಇತ್ತು. ಅದನ್ನು ಇಡೀ ಸಭಾಂಗಣ ನೋಡಿತು. "ಹುಲಗಪ್ಪ ಯಾರಲೇ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು, ಇನ್ಯಾರೋ ಸಿಳ್ಳೆ ಹಾಕಿದರು. ವೇದಿಕೆಯ ಮೇಲಿದ್ದ ದೇಶನೂರಿನ ಹೆಂಗಸರು ಆ ಗೋದಾಮಿನಲ್ಲಿ ನಕ್ಕ ಹಾಗೇ ನಕ್ಕು, ಕೊನೆಯ ನುಡಿಯನ್ನು ಗಟ್ಟಿಯಾಗಿ ಹಿಡಿದರು. ಹಾಡು ಮುಗಿಯಿತು. ಏನೂ ತಿಳಿಯದ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಧ್ಯಕ್ಷರು ಮುಂದಿನ ಸಾಲಿನಿಂದ ಕುರ್ಚಿ ತಳ್ಳಿಕೊಂಡು ನನ್ನ ಕಡೆ ಬಂದರು. ಪೇಟ ಓರೆಯಾಗಿತ್ತು, ಮುಖ ಕೆಂಪಗಾಗಿತ್ತು.

"ಯಾವನಲೇ ಅವ ಹುಲಗಪ್ಪ? ಯಾವನಲೇ?"

ನಾನು ಬಾಯಿ ತೆರೆಯುವ ಮುಂಚೆ ದೊಡ್ಡವ್ವ ಕುರ್ಚಿಯಿಂದ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಚಪ್ಪಾಳೆ ನಿಂತು ಹತ್ತಿರದ ಸಾಲಿನವರೆಲ್ಲ ತಿರುಗಿ ನೋಡುತ್ತಿದ್ದರು.

"ನನ್ ಗಂಡರಿ," ಎಂದಳು.

ಅಧ್ಯಕ್ಷರು ಅವಳ ಬೋಳು ಹಣೆಯನ್ನು ನೋಡಿದರು, ಎಣ್ಣೆ ಹತ್ತಿದ ಆ ಫೋಟೋ ನೆನಪಾಯಿತೋ ಏನೋ, ಕಣ್ಣು ತಿರುಗಿಸಿದರು. ದೊಡ್ಡವ್ವ ಅವರ ಕಡೆ ಮತ್ತೆ ನೋಡಲೂ ಇಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಇನ್ನೊಮ್ಮಿ ಹಾಕಪಾ. ಈ ಸಲ ನಾನೂ ಹೇಳ್ತೀನಿ."

ನನ್ನ ಪಕ್ಕದಲ್ಲಿದ್ದ ಮೈಕನ್ನು ಅವಳ ಕೈಗೆ ಕೊಟ್ಟು, ಹಾಕಿದೆ.